ವಾರ್ಡಿನಲ್ಲಿ ಕಲಿಸುವ ನರ್ಸಿಂಗ್ ಬೋಧಕರನ್ನು ತಯಾರು ಮಾಡುವುದು ಹೇಗೆ

ವಾರ್ಡಿನಲ್ಲಿ ಎಲ್ಲರಿಗಿಂತ ಚುರುಕಾದ ನರ್ಸ್ ಯಾರೋ ಅವರ ಕೈಗೆ ಎಂಟು ವಿದ್ಯಾರ್ಥಿಗಳನ್ನು ಒಪ್ಪಿಸಿ ‘ಇವರಿಗೆ ಕಲಿಸಿ’ ಎಂದುಬಿಡುವುದು ಬಹಳ ಕಡೆ ನಡೆದುಕೊಂಡು ಬಂದಿರುವ ರೂಢಿ. ತರಗತಿಯಲ್ಲಿ ಸೊಗಸಾಗಿ ಪಾಠ ಮಾಡುವವರನ್ನು ನೇರವಾಗಿ ವಾರ್ಡಿಗೆ ಕಳಿಸುವುದೂ ಉಂಟು. ಮೊದಲನೆಯವರು ಕೆಲಸವನ್ನೆಲ್ಲ ತಾವೇ ಮಾಡಿ ಮುಗಿಸುತ್ತಾರೆ, ವಿದ್ಯಾರ್ಥಿಗಳು ನೋಡುತ್ತ ನಿಲ್ಲುತ್ತಾರೆ. ಎರಡನೆಯವರು ಹಾಸಿಗೆಯ ಪಕ್ಕದಲ್ಲೂ ಉಪನ್ಯಾಸ ಶುರು ಮಾಡುತ್ತಾರೆ, ತನ್ನ ಕಾಯಿಲೆಯ ಕೆಟ್ಟ ಸಾಧ್ಯತೆಗಳನ್ನೆಲ್ಲ ರೋಗಿ ಮಲಗಿದಲ್ಲೇ ಕೇಳಿಸಿಕೊಳ್ಳುತ್ತಾರೆ. ಇಬ್ಬರಿಗೂ ವಿಷಯ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಎರಡೇ: ತಲೆಯೊಳಗೆ ನಡೆಯುವ ಯೋಚನೆಯನ್ನು ಬಾಯಿಬಿಟ್ಟು ಹೇಳುವುದು, ಮತ್ತು ಯಾವಾಗ ಕೈ ಹಾಕಬೇಕು, ಯಾವಾಗ ಕೈ ಕಟ್ಟಿ ನಿಲ್ಲಬೇಕು ಎಂದು ತೀರ್ಮಾನಿಸುವುದು. ಬೋಧಕರ ತಯಾರಿ ಎಂದರೆ ಹೆಚ್ಚುಕಡಿಮೆ ಈ ಎರಡರ ತಯಾರಿ.

ಅಮೆರಿಕದ ನರ್ಸಿಂಗ್ ಸಂಶೋಧಕಿ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸ್‌ಗಳ ಬೆಳವಣಿಗೆಯನ್ನು ಐದು ಹಂತಗಳಾಗಿ ವಿವರಿಸಿದರು: ಹೊಸಬರು, ಕೊಂಚ ಪಳಗಿದ ಹೊಸಬರು, ಸಮರ್ಥರು, ನಿಪುಣರು, ಪರಿಣತರು. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ. ಪರಿಣತರು ಪರಿಸ್ಥಿತಿಯನ್ನು ಇಡಿಯಾಗಿ ಗ್ರಹಿಸುತ್ತಾರೆ, ನಡುವಿನ ಮೆಟ್ಟಿಲುಗಳು ಅವರಿಗೇ ಕಾಣುವುದಿಲ್ಲ. ‘ನೋಡಿದ ಕೂಡಲೇ ಗೊತ್ತಾಯಿತು’ ಎನ್ನುವ ನರ್ಸ್ ಸುಳ್ಳು ಹೇಳುತ್ತಿಲ್ಲ. ಆದರೆ ಆ ಮಾತಿನಿಂದ ವಿದ್ಯಾರ್ಥಿಗೆ ಸಿಗುವುದು ಸೊನ್ನೆ.

ಇಲ್ಲಿ ಹೇಳುವ ತಯಾರಿಗೆ ನಾಲ್ಕು ವಾರ ಬೇಕು. ಮೊದಲ ವಾರ ವಾರ್ಡಿನ ಪರಿಚಯ, ಎರಡನೆಯದು ಬೋಧಕರ ಸ್ವಂತ ಕೌಶಲದ ತಪಾಸಣೆ ಮತ್ತು ಪ್ರಾತ್ಯಕ್ಷಿಕೆಯ ಅಭ್ಯಾಸ, ಮೂರನೆಯದು ಪ್ರಶ್ನೆ, ಮಧ್ಯಪ್ರವೇಶ ಮತ್ತು ಹಿಮ್ಮಾಹಿತಿಯ (ಫೀಡ್‌ಬ್ಯಾಕ್) ಅಭ್ಯಾಸ, ನಾಲ್ಕನೆಯದು ನಿಜವಾದ ವಿದ್ಯಾರ್ಥಿಗಳ ಜೊತೆ. ಮೌಲ್ಯಮಾಪನದ ತರಬೇತಿ ಮೂರನೆಯ ವಾರಕ್ಕೂ ನಾಲ್ಕನೆಯ ವಾರಕ್ಕೂ ಹರಡಿಕೊಳ್ಳುತ್ತದೆ. ಎರಡು ದಿನದ ಕಾರ್ಯಾಗಾರದಲ್ಲಿ ಸ್ಲೈಡ್ ತೋರಿಸಿ ಇದನ್ನೆಲ್ಲ ಮುಗಿಸಲು ಹೋದರೆ ಉಳಿಯುವುದು ಪ್ರಮಾಣಪತ್ರ ಮಾತ್ರ.

ವಾರ್ಡ್ ಗೊತ್ತಿಲ್ಲದೆ ಕಲಿಸಲು ಹೋಗಬಾರದು

ಇಪ್ಪತ್ತು ವರ್ಷದ ಅನುಭವವಿದ್ದರೂ ಹೊಸ ವಾರ್ಡಿನಲ್ಲಿ ಬೋಧಕರೂ ಹೊಸಬರೇ. ವಿದ್ಯಾರ್ಥಿಗಳು ಬರುವ ಮೊದಲು ಕನಿಷ್ಠ ಎರಡು ಪೂರ್ತಿ ಶಿಫ್ಟ್ ಅಲ್ಲಿನ ನರ್ಸ್ ಜೊತೆ ಕೆಲಸ ಮಾಡಲಿ, ಒಂದರಲ್ಲಾದರೂ ಹ್ಯಾಂಡ್‌ಓವರ್ (ಶಿಫ್ಟ್ ಬದಲಾಗುವಾಗ ರೋಗಿಗಳ ಮಾಹಿತಿ ಒಪ್ಪಿಸುವುದು) ಆರಂಭದಿಂದ ಕೊನೆಯವರೆಗೆ ಕೇಳಲಿ. ಸುಮ್ಮನೆ ಸುತ್ತು ಹಾಕಿಸಿ ತೋರಿಸಿದರೆ ಸಾಲದು. ಶಿಫ್ಟ್ ಮುಗಿದ ಮೇಲೆ ಬೋಧಕರು ಯಾರನ್ನೂ ಕೇಳದೆ ಇವುಗಳನ್ನು ಮಾಡಿ ತೋರಿಸಬೇಕು: ತುರ್ತು ಟ್ರಾಲಿ ಇರುವ ಜಾಗಕ್ಕೆ ನಡೆದು ಹೋಗಿ ಡಿಫಿಬ್ರಿಲೇಟರ್ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಆನ್ ಮಾಡುವುದು, ತುರ್ತು ಕರೆಯ ಸಂಖ್ಯೆ ಹೇಳುವುದು, ರಕ್ತನಾಳಕ್ಕೆ ದ್ರವ ಹನಿಸುವ ಅಲ್ಲಿನ ಇನ್ಫ್ಯೂಷನ್ ಪಂಪಿನಲ್ಲಿ ವೇಗ ಹೊಂದಿಸಿ ಅಲಾರಂ ಸರಿಪಡಿಸುವುದು, ಗ್ಲೂಕೋಮೀಟರ್ ಬಳಸುವುದು, ಆ ವಾರ್ಡಿನ ಚಾರ್ಟಿನಲ್ಲಿ ರೋಗಿಯ ದೇಹಕ್ಕೆ ಹೋದ, ಹೊರಬಂದ ದ್ರವದ ಲೆಕ್ಕ ಬರೆಯುವುದು. ಪಂಪಿನ ಅಲಾರಂ ನಿಲ್ಲಿಸಲು ಬಾರದ ಬೋಧಕರ ಮೇಲಿನ ನಂಬಿಕೆ ವಿದ್ಯಾರ್ಥಿಗಳಲ್ಲಿ ಅರ್ಧ ಗಂಟೆಯಲ್ಲಿ ಕರಗುತ್ತದೆ, ವಾರ್ಡಿನ ಸಿಬ್ಬಂದಿಯಲ್ಲಿ ಇನ್ನೂ ಬೇಗ.

ಇದರ ಜೊತೆಗೆ ವಾರ್ಡಿನ ಮುಖ್ಯ ನರ್ಸ್ ಹತ್ತಿರ ಕುಳಿತು ಒಂದೇ ಪುಟದ ಒಪ್ಪಂದ ಬರೆದುಕೊಳ್ಳಬೇಕು. ವಿದ್ಯಾರ್ಥಿಗಳು ಬೋಧಕರಿಲ್ಲದೆ ಏನೇನು ಮಾಡಬಹುದು, ಪಕ್ಕದಲ್ಲಿ ಬೋಧಕರಿದ್ದರೆ ಮಾತ್ರ ಏನೇನು, ಏನನ್ನು ಮುಟ್ಟಲೇಬಾರದು ಎಂಬ ಮೂರು ಪಟ್ಟಿ ಅದರಲ್ಲಿರಲಿ. ರೋಗಿಯ ಹೊಣೆ ಅಂದಿನ ಶಿಫ್ಟಿನಲ್ಲಿ ಯಾವ ನರ್ಸ್‌ದು, ವಿದ್ಯಾರ್ಥಿಗೆ ಏನಾದರೂ ಅಸಹಜ ಕಂಡರೆ ಮೊದಲು ಯಾರಿಗೆ ಹೇಳಬೇಕು, ವಿದ್ಯಾರ್ಥಿ ಬರೆದ ದಾಖಲೆಗೆ ಯಾರು ಸಹಿ ಹಾಕಬೇಕು ಎಂಬುದೂ ಸ್ಪಷ್ಟವಾಗಿರಲಿ. ಈ ಕಾಗದ ಇಲ್ಲದ ಕಡೆ ಆಗುವ ಅನಾಹುತ ಸಾಮಾನ್ಯವಾಗಿ ಒಂದೇ ಬಗೆಯದು: ಬೋಧಕರು ವಾರ್ಡ್ ನರ್ಸ್ ನೋಡಿಕೊಂಡರು ಎಂದುಕೊಳ್ಳುತ್ತಾರೆ, ವಾರ್ಡ್ ನರ್ಸ್ ವಿದ್ಯಾರ್ಥಿ ನೋಡಿಕೊಂಡರು ಎಂದುಕೊಳ್ಳುತ್ತಾರೆ, ಹತ್ತು ಗಂಟೆಯ ಬಿಪಿಯನ್ನು ಯಾರೂ ನೋಡಿರುವುದಿಲ್ಲ. ಔಷಧಿಯಲ್ಲಾದರೆ ಇದೇ ಗೊಂದಲದಿಂದ ಒಂದೇ ಡೋಸ್ ಎರಡು ಸಲ ಹೋಗುತ್ತದೆ.

ಬೋಧಕರ ಕೈ ಮೊದಲು ತಪಾಸಣೆಯಾಗಲಿ

ಈ ಹಂತ ಮುಜುಗರದ್ದು, ಹಾಗಾಗಿ ಬಹಳ ಕಡೆ ಬಿಟ್ಟುಹೋಗುತ್ತದೆ. ಆದರೆ ಹಳೆಯ ಅಭ್ಯಾಸ ಬೋಧಕರಿಂದ ವಿದ್ಯಾರ್ಥಿಗಳಿಗೆ ದಾಟಿದರೆ ಇನ್ನೊಂದು ತಲೆಮಾರು ಅದನ್ನೇ ಮಾಡುತ್ತದೆ. ಸ್ಕಿಲ್ ಲ್ಯಾಬಿನಲ್ಲಿ ಪ್ರತಿಯೊಬ್ಬ ಬೋಧಕರೂ ಆರೇಳು ಮೂಲ ಪ್ರೊಸೀಜರ್‌ಗಳನ್ನು ಚೆಕ್‌ಲಿಸ್ಟ್ ಹಿಡಿದ ಸಹೋದ್ಯೋಗಿಯ ಮುಂದೆ ಮಾಡಲಿ. ಜಾರುವ ಜಾಗಗಳು ಮೊದಲೇ ಗೊತ್ತಿರುವಂಥವು.

ಮೂಗಿನ ಮೂಲಕ ಹೊಟ್ಟೆಗೆ ಹಾಕಿದ ಟ್ಯೂಬ್ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯಲು ಗಾಳಿ ಹಾಯಿಸಿ ಸ್ಟೆತಸ್ಕೋಪಿನಲ್ಲಿ ಸದ್ದು ಕೇಳುವ ವಿಧಾನ ನಂಬಿಕೆಗೆ ಅರ್ಹವಲ್ಲ. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಸದ್ದು ಕೇಳಿಸಬಹುದು. ಹೀರಿ ತೆಗೆದ ದ್ರವದ ಪಿಎಚ್ (ಆಮ್ಲೀಯತೆಯ ಅಳತೆ) 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಇಲ್ಲವೇ ಎಕ್ಸ್‌ರೇ ನೋಡಬೇಕು. ಪೃಷ್ಠದ ಹಿಂಭಾಗಕ್ಕೆ ಸ್ನಾಯು ಇಂಜೆಕ್ಷನ್ ಕೊಡುವ ರೂಢಿಯಲ್ಲಿ ಸಯಾಟಿಕ್ ನರಕ್ಕೆ ಪೆಟ್ಟಾಗುವ ಅಪಾಯವಿದೆ, ಸೊಂಟದ ಪಕ್ಕದ ವೆಂಟ್ರೋಗ್ಲೂಟಿಯಲ್ ಜಾಗ ಸುರಕ್ಷಿತ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದಂತೂ ಕೈಗೆ ಅಂಟಿದ ಚಾಳಿ. ಕೈ ತೊಳೆಯುವುದು ಎಲ್ಲರಿಗೂ ಗೊತ್ತು ಎಂದು ಎಲ್ಲರೂ ಭಾವಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವಂತೆ ಆಲ್ಕೋಹಾಲ್ ದ್ರಾವಣದಿಂದಾದರೆ 20ರಿಂದ 30 ಸೆಕೆಂಡ್, ಸೋಪು ನೀರಿನಿಂದಾದರೆ ಇಡೀ ಪ್ರಕ್ರಿಯೆಗೆ 40ರಿಂದ 60 ಸೆಕೆಂಡ್ ಬೇಕು. ಗಡಿಯಾರ ಇಟ್ಟು ನೋಡಿದರೆ ಅನುಭವಿಗಳಲ್ಲೂ ಹಲವರು ಅದರ ಅರ್ಧಕ್ಕೇ ಮುಗಿಸಿರುತ್ತಾರೆ. ವಿದ್ಯಾರ್ಥಿಗಳು ಬೋಧಕರು ಹೇಳಿದ್ದಕ್ಕಿಂತ ಮಾಡಿದ್ದನ್ನು ಬೇಗ ಕಲಿಯುತ್ತಾರೆ ಎಂಬುದನ್ನು ಇಲ್ಲಿ ನೆನಪಿಸಬೇಕಾಗುತ್ತದೆ.

ಯೋಚನೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ

ಇದಕ್ಕೆ ಅತಿ ಸರಳವಾದ ಕೆಲಸವನ್ನೇ ಆರಿಸಿ, ಬಿಪಿ ನೋಡುವುದು ಸಾಕು. ಬೋಧಕರನ್ನು ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಬಿಪಿ ನೋಡುತ್ತ ತಾವು ಗಮನಿಸುತ್ತಿರುವುದನ್ನು, ಮಾಡುತ್ತಿರುವುದನ್ನು, ಅದಕ್ಕೆ ಕಾರಣವನ್ನು ಜೋರಾಗಿ ಹೇಳಬೇಕು. ಇನ್ನೊಬ್ಬರು ಹೇಳದೆ ಬಿಟ್ಟ ಪ್ರತಿ ಹೆಜ್ಜೆಯನ್ನೂ ಬರೆದುಕೊಳ್ಳಬೇಕು. ಮೊದಲ ಸಲ ಬರುವ ವಿವರಣೆ ಬಹುಪಾಲು ‘ಕಫ್ ಕಟ್ಟುತ್ತೇನೆ, ಗಾಳಿ ತುಂಬುತ್ತೇನೆ, ಕೇಳುತ್ತೇನೆ’ ಎಂಬಷ್ಟೇ. ಬಿಟ್ಟುಹೋಗುವುದು ಇವು: ರೋಗಿ 5 ನಿಮಿಷ ಸುಮ್ಮನೆ ಕೂತಿದ್ದಾರೆಯೇ, ತೋಳು ಹೃದಯದ ಮಟ್ಟದಲ್ಲಿ ಆಧಾರದ ಮೇಲಿದೆಯೇ, ಕಫ್‌ನೊಳಗಿನ ರಬ್ಬರ್ ಚೀಲದ ಉದ್ದ ತೋಳಿನ ಸುತ್ತಳತೆಯ ಶೇ. 80ರಷ್ಟು ಇದೆಯೇ, ಗಾಳಿಯನ್ನು ಸೆಕೆಂಡಿಗೆ ಪಾದರಸದ 2ರಿಂದ 3 ಮಿಲಿಮೀಟರ್ ವೇಗದಲ್ಲಿ ಇಳಿಸುತ್ತಿದ್ದೇವೆಯೇ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಪರಿಣತರ ಕೈ ಸರಿಯಾದ ಕಫ್ಫನ್ನು ತಾನಾಗಿ ಎತ್ತಿಕೊಳ್ಳುತ್ತದೆ, ಆದರೆ ಹಾಗೆ ಆರಿಸಿದ್ದು ಅವರಿಗೇ ನೆನಪಿರುವುದಿಲ್ಲ. ಪಟ್ಟಿ ನೋಡಿದ ಮೇಲೆ ಜೋಡಿ ಬದಲಾಯಿಸಿ ಮತ್ತೊಮ್ಮೆ ಮಾಡಿಸಿ. ಆಮೇಲೆ ಮೂತ್ರದ ಕ್ಯಾತಿಟರ್ (ಮೂತ್ರ ಹೊರತರುವ ಕೊಳವೆ), ಡ್ರೆಸಿಂಗ್, ರಕ್ತನಾಳಕ್ಕೆ ಕೊಡುವ (ಇಂಟ್ರಾವೀನಸ್) ಔಷಧಿ.

ಪ್ರಾತ್ಯಕ್ಷಿಕೆಗೆ ಶಸ್ತ್ರವೈದ್ಯ ಪೇಟನ್ ಅವರ ನಾಲ್ಕು ಹೆಜ್ಜೆಗಳ ಕ್ರಮ ಚೆನ್ನಾಗಿ ಒಗ್ಗುತ್ತದೆ. ಮೊದಲು ಬೋಧಕರು ಮಾತಿಲ್ಲದೆ ನಿಜವಾದ ವೇಗದಲ್ಲಿ ಮಾಡುತ್ತಾರೆ. ಎರಡನೆಯ ಸಲ ಪ್ರತಿ ಹೆಜ್ಜೆಯನ್ನೂ ಕಾರಣದೊಂದಿಗೆ ವಿವರಿಸುತ್ತ ನಿಧಾನವಾಗಿ. ಮೂರನೆಯ ಸಲ ವಿದ್ಯಾರ್ಥಿ ಹೇಳಿದಂತೆ ಬೋಧಕರು ಮಾಡುತ್ತಾರೆ. ನಾಲ್ಕನೆಯ ಸಲ ವಿದ್ಯಾರ್ಥಿಯೇ ಹೇಳುತ್ತ ಮಾಡುತ್ತಾರೆ. ಸಮಯವಿಲ್ಲವೆಂದು ಎಲ್ಲರೂ ಹಾರಿಸುವುದು ಮೂರನೆಯದನ್ನು, ಹಾರಿಸಬಾರದ್ದೂ ಅದೇ. ವಿದ್ಯಾರ್ಥಿಯ ತಲೆಯಲ್ಲಿ ಕ್ರಮ ತಪ್ಪಿದ್ದರೆ ಯಾರಿಗೂ ತೊಂದರೆಯಾಗದಂತೆ ಹೊರಬೀಳುವುದು ಆ ಹೆಜ್ಜೆಯಲ್ಲಿ ಮಾತ್ರ. ಮೊದಲ ಮೂರು ಹೆಜ್ಜೆ ಲ್ಯಾಬಿನಲ್ಲೇ ಮುಗಿದಿರಬೇಕು. ರೋಗಿಯ ಮೈಮೇಲೆ ವಿವರಣೆ ಕೊಡುತ್ತ ಕ್ಯಾತಿಟರ್ ಹಾಕುವುದು ಪಾಠವೂ ಅಲ್ಲ, ಆರೈಕೆಯೂ ಅಲ್ಲ.

ಪ್ರಶ್ನೆ ಕೇಳುವುದು, ಕೇಳಿದ ಮೇಲೆ ಕಾಯುವುದು

ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ‘ಗೊತ್ತಿಲ್ಲ’ ಎನ್ನುವವರು ಕಡಿಮೆಯಾಗುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲಾ ತರಗತಿಗಳಲ್ಲಿ ಕಂಡುಕೊಂಡರು. ವಾರ್ಡಿನ ಗಡಿಬಿಡಿಯಲ್ಲಿ ಆ ಒಂದು ಸೆಕೆಂಡೂ ಸಿಗುವುದಿಲ್ಲ. ಅಭ್ಯಾಸದ ವೇಳೆ ಬೋಧಕರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ. ತಮ್ಮ ಪ್ರಶ್ನೆಗೆ ತಾವೇ ಉತ್ತರ ಹೇಳಿಕೊಂಡದ್ದು ಎಷ್ಟು ಸಲ ಎಂದು ಎಣಿಸಲಿ. ಬೇರೆ ಉಪದೇಶದ ಅಗತ್ಯ ಬೀಳುವುದಿಲ್ಲ.

ಪ್ರಶ್ನೆಯ ಜಾತಿಯೂ ಮುಖ್ಯ. ‘ಫ್ಯೂರೋಸೆಮೈಡ್ ಯಾವ ಗುಂಪಿನ ಔಷಧಿ?’ ಎಂಬುದಕ್ಕೆ (ಮೂತ್ರ ಹೆಚ್ಚಿಸುವ ಔಷಧಿ) ಪುಸ್ತಕ ಸಾಕು. ‘ಈ ರೋಗಿಗೆ ಈ ಬೆಳಿಗ್ಗೆ ಫ್ಯೂರೋಸೆಮೈಡ್ ಕೊಡುವ ಮೊದಲು ಏನೇನು ನೋಡುತ್ತೀರಿ?’ ಎಂದರೆ ವಿದ್ಯಾರ್ಥಿ ಬಿಪಿ, ಪೊಟ್ಯಾಸಿಯಂ ವರದಿ, ನಿನ್ನೆಯ ದ್ರವದ ಲೆಕ್ಕ, ತೂಕ ಎಲ್ಲವನ್ನೂ ಒಟ್ಟಿಗೆ ತರಬೇಕಾಗುತ್ತದೆ. ಪ್ರತಿ ಬೋಧಕರೂ ಮೊದಲನೆಯ ಬಗೆಯ ಹತ್ತು ಪ್ರಶ್ನೆ ಬರೆದು ಅವನ್ನೇ ಎರಡನೆಯ ಬಗೆಗೆ ತಿರುಗಿಸಲಿ.

ಸಮಯ ಕಡಿಮೆ ಇರುವಾಗ ‘ಒಂದು ನಿಮಿಷದ ಪ್ರಿಸೆಪ್ಟರ್’ (ಪ್ರಿಸೆಪ್ಟರ್ ಎಂದರೆ ಕೆಲಸದ ಜಾಗದಲ್ಲೇ ಕಲಿಸುವ ಮಾರ್ಗದರ್ಶಕ) ಎಂಬ ವಿಧಾನ ಕೈಹಿಡಿಯುತ್ತದೆ. 1992ರಲ್ಲಿ ವೈದ್ಯಕೀಯ ಶಿಕ್ಷಣದಲ್ಲಿ ಹುಟ್ಟಿದ ಇದರಲ್ಲಿ ಐದು ನಡೆಗಳಿವೆ. ಉದಾಹರಣೆಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡನೆಯ ದಿನದಲ್ಲಿರುವ 60 ಕೆ.ಜಿ. ತೂಕದ ರೋಗಿಯ ನಾಡಿ 112 ಇದೆ ಎಂದು ವಿದ್ಯಾರ್ಥಿ ಬಂದು ಹೇಳುತ್ತಾರೆ ಎಂದುಕೊಳ್ಳಿ.

‘ಏನಾಗುತ್ತಿರಬಹುದು?’ ಇದು ಮೊದಲ ನಡೆ, ವಿದ್ಯಾರ್ಥಿ ಒಂದು ತೀರ್ಮಾನಕ್ಕೆ ಕಟ್ಟುಬೀಳಬೇಕು. ‘ನೋವಿಗೆ ಇರಬೇಕು.’

‘ಹಾಗನ್ನಿಸಿದ್ದು ಯಾತಕ್ಕೆ? ಬೇರೆ ಏನು ನೋಡಿದಿರಿ?’ ಇದು ಎರಡನೆಯದು, ಆಧಾರ ಕೆದಕುವುದು. ‘ನೋವು 10ಕ್ಕೆ 3 ಅಂದರು. ಹೋದ ಗಂಟೆ ಮೂತ್ರ 20 ಮಿಲಿ ಬಂದಿದೆ.’

‘ಗಂಟೆಗೆ ಕೆ.ಜಿ.ಗೆ ಅರ್ಧ ಮಿಲಿ ಲೆಕ್ಕದಲ್ಲಿ ಇವರಿಗೆ ಕನಿಷ್ಠ 30 ಬರಬೇಕಿತ್ತು. ಶಸ್ತ್ರಚಿಕಿತ್ಸೆಯ ನಂತರ ನಾಡಿ ಏರಿ ಮೂತ್ರ ಇಳಿದರೆ ರಕ್ತಸ್ರಾವವನ್ನು ಮೊದಲು ಯೋಚಿಸಿ. ಬಿಪಿ ಬೀಳುವುದು ತಡವಾಗಿ.’ ಮೂರನೆಯದು ಒಂದು ಸಾಮಾನ್ಯ ಸೂತ್ರ, ಒಂದೇ ಒಂದು.

‘ನಾಡಿಯ ಜೊತೆ ಮೂತ್ರದ ಲೆಕ್ಕವನ್ನೂ ನೋಡಿ ಬಂದದ್ದು ಸರಿ.’ ನಾಲ್ಕನೆಯದು, ಸರಿ ಮಾಡಿದ್ದನ್ನು ಹೆಸರಿಸುವುದು. ‘ಗಾಯದ ದ್ರವ ಹೊರಹೋಗುವ ಡ್ರೇನ್ ಕೊಳವೆ ಮತ್ತು ಡ್ರೆಸಿಂಗ್ ನೋಡಲಿಲ್ಲ. ಬನ್ನಿ, ಈಗಲೇ ನೋಡಿ ವಾರ್ಡ್ ನರ್ಸ್‌ಗೆ ಹೇಳೋಣ.’ ಐದನೆಯದು, ತಪ್ಪಿದ್ದನ್ನು ತಿದ್ದುವುದು.

ಈ ಸಂಭಾಷಣೆ ನಡೆಯಬೇಕಾದದ್ದು ರೋಗಿಗೆ ಕೇಳಿಸದ ಕಾರಿಡಾರಿನಲ್ಲಿ. ಬೋಧಕರು ಎಡವುವುದು ಮೂರನೆಯ ನಡೆಯಲ್ಲಿ: ಒಂದು ಸೂತ್ರದ ಬದಲು ಆಘಾತದ (ಶಾಕ್, ರಕ್ತಸಂಚಾರ ಕುಸಿಯುವ ಸ್ಥಿತಿ) ಎಲ್ಲ ವಿಧಗಳ ಪಾಠ ಶುರುವಾಗುತ್ತದೆ, ಅಲ್ಲಿ ರೋಗಿಯ ಡ್ರೇನ್ ತುಂಬುತ್ತಿರುತ್ತದೆ. ರೋಗಿ ಹದಗೆಟ್ಟಿರುವುದು ಕಣ್ಣಿಗೇ ಕಾಣುತ್ತಿದ್ದರೆ ಐದೂ ನಡೆ ಬದಿಗಿಟ್ಟು ಓಡಬೇಕು. ಪ್ರಶ್ನೆಗಳನ್ನು ಆಮೇಲೆ ಕೇಳಬಹುದು.

ದಿನದ ಲೆಕ್ಕಾಚಾರ

ಎಂಟು ವಿದ್ಯಾರ್ಥಿಗಳು, ಒಬ್ಬ ಬೋಧಕರು. ಚಾರ್ಟ್ ನೋಡಿ, ಡೋಸ್ ಲೆಕ್ಕ ಹಾಕಿ, ಗುರುತು ಖಚಿತಪಡಿಸಿ, ಔಷಧಿ ಕೊಟ್ಟು, ಬರೆಯಲು ಹೊಸ ವಿದ್ಯಾರ್ಥಿಗೆ ಒಬ್ಬ ರೋಗಿಗೆ 15 ನಿಮಿಷವಾದರೂ ಬೇಕು. ಎಂಟೂ ಮಂದಿ ಬೆಳಿಗ್ಗೆ ಎಂಟರ ಔಷಧಿ ಕೊಡಲು ಹೊರಟರೆ ಕೊನೆಯವರ ಸರದಿ ಮುಗಿಯುವಾಗ ಗಂಟೆ ಹತ್ತು. ಅವರ ರೋಗಿಗೆ ಊಟದ ಮುಂಚಿನ ಇನ್ಸುಲಿನ್ ಇದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗುಂಪಿನ ದಿನ ಹಳಿ ತಪ್ಪುವುದಕ್ಕೆ ಈ ಗುಣಾಕಾರ ಮಾಡದಿರುವುದೇ ಬಹುಪಾಲು ಕಾರಣ.

ಆದ್ದರಿಂದ ದಿನಕ್ಕೆ ಇಬ್ಬರು ಮಾತ್ರ ಔಷಧಿ ಕೊಡಲಿ, ನಾಲ್ಕು ದಿನದಲ್ಲಿ ಎಂಟೂ ಮಂದಿಯ ಸರದಿ ಮುಗಿಯುತ್ತದೆ. ಉಳಿದ ಆರು ಮಂದಿಯಲ್ಲಿ ಇಬ್ಬರು ಬೋಧಕರು ಪಕ್ಕದಲ್ಲಿರಬೇಕಾದ ಬೇರೆ ಪ್ರೊಸೀಜರ್‌ಗಳಿಗೆ, ನಾಲ್ವರು ಈಗಾಗಲೇ ಪಳಗಿದ ಕೆಲಸಗಳಿಗೆ. ಮೇಲ್ವಿಚಾರಣೆ ಬೇಕಾದ ಕೆಲಸಗಳ ಸಮಯ ಒಂದರ ಮೇಲೊಂದು ಬೀಳದಂತೆ ಅರ್ಧರ್ಧ ಗಂಟೆ ಅಂತರದಲ್ಲಿ ಕಾಗದದ ಮೇಲೆ ಜೋಡಿಸಿಕೊಳ್ಳಬೇಕು. ತರಬೇತಿಯಲ್ಲಿ ಬೋಧಕರಿಗೆ ಒಂದು ಕಾಲ್ಪನಿಕ ವಾರ್ಡಿನ 16 ರೋಗಿಗಳ ಪಟ್ಟಿ ಕೊಟ್ಟು ಎಂಟು ವಿದ್ಯಾರ್ಥಿಗಳಿಗೆ ಹಂಚಿಸಿ. ನಂತರ ‘ಒಂಬತ್ತೂವರೆಗೆ ಒಬ್ಬ ರೋಗಿ ಹದಗೆಟ್ಟರು, ಒಬ್ಬ ವಿದ್ಯಾರ್ಥಿ ತಲೆತಿರುಗಿ ಕುಳಿತರು’ ಎಂಬ ಚೀಟಿ ಕೊಟ್ಟು ಪಟ್ಟಿ ಮರುಜೋಡಿಸಲು ಹೇಳಿ.

ರೋಗಿಯನ್ನು ಆರಿಸುವಾಗ ನೋಡಬೇಕಾದದ್ದು ಆ ವಾರದ ಕಲಿಕೆಯ ಗುರಿ, ‘ಒಳ್ಳೆಯ ಕೇಸ್’ ಅಲ್ಲ. ಅಪರೂಪದ ಕಾಯಿಲೆಯ ಸುತ್ತ ಎಂಟು ಮಂದಿಯನ್ನು ನಿಲ್ಲಿಸುವುದರಿಂದ ಕಲಿಕೆ ಕಡಿಮೆ, ರೋಗಿಗೆ ಹಿಂಸೆ ಹೆಚ್ಚು. ಒಪ್ಪಿಗೆ ಕೇಳುವಾಗ ವಿದ್ಯಾರ್ಥಿಯನ್ನು ಜೊತೆಗೆ ಕರೆದೊಯ್ಯಬೇಡಿ. ವಿದ್ಯಾರ್ಥಿ ಎದುರಿಗೇ ನಿಂತಿದ್ದರೆ ಬೇಡ ಎನ್ನಲು ರೋಗಿಗೆ ನಾಲಿಗೆ ಬರುವುದಿಲ್ಲ, ಹಾಗೆ ಸಿಕ್ಕಿದ ಒಪ್ಪಿಗೆಗೆ ಬೆಲೆಯೂ ಇಲ್ಲ.

ದಿನದ ಆರಂಭದಲ್ಲಿ 15–20 ನಿಮಿಷದ ಪೂರ್ವಸಭೆ. ಪ್ರತಿ ವಿದ್ಯಾರ್ಥಿಯೂ ಮೂರು ವಿಷಯ ಹೇಳಬೇಕು: ನನ್ನ ರೋಗಿಯಲ್ಲಿ ಇಂದು ಕೆಡಬಹುದಾದದ್ದು ಏನು, ಅದನ್ನು ಹೇಗೆ ಗುರುತಿಸುತ್ತೇನೆ, ಯಾರಿಗೆ ಹೇಳುತ್ತೇನೆ. ಇದಕ್ಕೆ ಉತ್ತರವಿಲ್ಲದ ವಿದ್ಯಾರ್ಥಿಯನ್ನು ಹೊರಗೆ ಕಳಿಸಬೇಕಿಲ್ಲ, ಬೋಧಕರು ಮೊದಲು ಹೋಗಬೇಕಾದದ್ದು ಅವರ ರೋಗಿಯ ಬಳಿಗೆ. ಕೊನೆಯ ಸಭೆಗೆ 30–40 ನಿಮಿಷ ಇರಲಿ. ಅಲ್ಲಿ ಎಂಟು ಮಂದಿಯೂ ಸಾಲಾಗಿ ತಮ್ಮ ಕೇಸ್ ವರದಿ ಒಪ್ಪಿಸುವುದು ಬೇಡ, ಒಂದೆರಡು ಘಟನೆಗಳನ್ನು ಎತ್ತಿಕೊಂಡು ಆಳಕ್ಕೆ ಹೋಗಿ.

ಕೈ ಹಾಕುವ ಸಮಯ

ತಯಾರಿಯ ಅತಿ ಕಷ್ಟದ ಭಾಗ ಇದು. ಬೇಗ ಕೈ ಹಾಕಿದರೆ ವಿದ್ಯಾರ್ಥಿ ಕಲಿಯುವುದಿಲ್ಲ, ತಡವಾದರೆ ರೋಗಿಗೆ ಏಟು. ಮನೋಧರ್ಮದ ಮೇಲೆ ಬಿಟ್ಟರೆ ಆತಂಕದ ಬೋಧಕರು ಎಲ್ಲವನ್ನೂ ಕಿತ್ತುಕೊಳ್ಳುತ್ತಾರೆ, ನಿರಾಳ ಸ್ವಭಾವದವರು ಎಲ್ಲವನ್ನೂ ಬಿಡುತ್ತಾರೆ. ಹಾಗಾಗಿ ನಾಲ್ಕು ಮೆಟ್ಟಿಲು ಇಟ್ಟುಕೊಳ್ಳುವುದು ಒಳ್ಳೆಯದು.

ಕೆಳಗಿನದು ಮೌನ. ವಿದ್ಯಾರ್ಥಿ ನಿಧಾನ ಮಾಡುತ್ತಿದ್ದಾರೆ, ಬೇರೆ ಕ್ರಮದಲ್ಲಿ ಮಾಡುತ್ತಿದ್ದಾರೆ, ಆದರೆ ಅಪಾಯವಿಲ್ಲ. ಬೋಧಕರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ನಿಜವಾಗಿಯೂ ಅಭ್ಯಾಸ ಮಾಡಬೇಕು. ಅದರ ಮೇಲಿನದು ಪ್ರಶ್ನೆ: ‘ಮುಂದಿನ ಹೆಜ್ಜೆಗೆ ಮೊದಲು ಏನು ನೋಡುತ್ತೀರಿ?’ ಮೂರನೆಯದು ನೇರ ಮಾತು: ‘ಕೈಗವಸು ಹಾಸಿಗೆಗೆ ತಾಗಿತು, ಹೊಸದು ಹಾಕಿಕೊಳ್ಳಿ.’ ಕೊನೆಯದು ಕೈ, ಬೋಧಕರು ಕೆಲಸವನ್ನು ತಾವೇ ತೆಗೆದುಕೊಳ್ಳುವುದು.

ಪ್ರಶ್ನೆಯ ಮೆಟ್ಟಿಲಲ್ಲಿ ಕಾಲ ಕಳೆಯಬಾರದ ಸಂದರ್ಭಗಳನ್ನು ಮುಂಚೆಯೇ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿ. ರೋಗಿಯ ಗುರುತು ನೋಡದೆ ಔಷಧಿ ಕೊಡಲು ಕೈ ಚಾಚಿದಾಗ. ಮೂತ್ರ ಬರುವ ಮೊದಲೇ ಕ್ಯಾತಿಟರ್ ಬಲೂನಿಗೆ ನೀರು ತುಂಬಲು ಹೊರಟಾಗ, ಬಲೂನು ಮೂತ್ರನಾಳದೊಳಗೇ ಉಬ್ಬಿದರೆ ನಾಳ ಹರಿಯಬಹುದು. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ನೋವು ತಗ್ಗಿಸುವ ಅಫೀಮು ಬಗೆಯ ಓಪಿಯಾಯ್ಡ್‌ಗಳಲ್ಲಿ ಡೋಸ್ ಲೆಕ್ಕ ಹೊಂದದಾಗ. ಗಾಢ ಪೊಟ್ಯಾಸಿಯಂ ಕ್ಲೋರೈಡಿನ ಹತ್ತಿರ ವಿದ್ಯಾರ್ಥಿಯ ಕೈ ಹೋಗಲೇಬಾರದು, ಅದನ್ನು ದುರ್ಬಲಗೊಳಿಸದೆ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ರೋಗಿ ‘ನಿಲ್ಲಿಸಿ’ ಎಂದಾಗ, ಎಷ್ಟೇ ಮೆಲ್ಲಗೆ ಹೇಳಿದರೂ.

ನಿಲ್ಲಿಸುವ ಮಾತನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗಾಬರಿಯಲ್ಲಿ ‘ಅಯ್ಯೋ, ಏನು ಮಾಡುತ್ತಿದ್ದೀಯ!’ ಎಂದು ಹೊರಟರೆ ರೋಗಿಯ ನಂಬಿಕೆಯೂ ವಿದ್ಯಾರ್ಥಿಯ ಧೈರ್ಯವೂ ಒಟ್ಟಿಗೆ ಹೋಗುತ್ತವೆ. ‘ಇಲ್ಲಿ ಒಂದು ಕ್ಷಣ ನಿಲ್ಲೋಣ’ ಎಂಬಂಥ ಒಂದೇ ವಾಕ್ಯವನ್ನು ಇಡೀ ಗುಂಪಿಗೆ ಪೂರ್ವಸಭೆಯಲ್ಲೇ ಹೇಳಿಡಿ: ಇದು ಕೇಳಿದ ತಕ್ಷಣ ಕೈ ಇದ್ದಲ್ಲೇ ನಿಲ್ಲಬೇಕು, ಏಕೆಂದು ಆಮೇಲೆ ಮಾತಾಡೋಣ.

ಇದನ್ನು ಓದಿ ಕಲಿಯಲು ಬರುವುದಿಲ್ಲ. ಸಿಮ್ಯುಲೇಷನ್ ಕೋಣೆಯಲ್ಲಿ ಒಬ್ಬ ಸಹೋದ್ಯೋಗಿ ವಿದ್ಯಾರ್ಥಿಯಾಗಿ ನಟಿಸಲಿ, ಅವರ ಕೈಯಲ್ಲಿ ಯಾವ ತಪ್ಪು ಯಾವಾಗ ಮಾಡಬೇಕೆಂಬ ಗುಟ್ಟಿನ ಚೀಟಿ ಇರಲಿ. ಕೆಲವು ಚೀಟಿಗಳಲ್ಲಿ ತಪ್ಪೇ ಇರಬಾರದು, ಬರೀ ನಿಧಾನ. ಹತ್ತು ನಿಮಿಷದ ದೃಶ್ಯ, ಹದಿನೈದು ನಿಮಿಷದ ಚರ್ಚೆ, ಪ್ರತಿ ಬೋಧಕರಿಗೂ ಕನಿಷ್ಠ ನಾಲ್ಕು ದೃಶ್ಯ. ನಿಧಾನದ ಚೀಟಿಗೂ ಕೈ ಹಾಕಿದವರು ಎಷ್ಟು ಮಂದಿ ಎಂಬುದು ಆಸಕ್ತಿಕರ ಲೆಕ್ಕ.

ತಪ್ಪು ನಡೆದೇಹೋದಾಗಿನ ಕ್ರಮವೂ ತಿಳಿದಿರಬೇಕು. ಮೊದಲು ರೋಗಿಯ ಸುರಕ್ಷೆ, ನಂತರ ಹೊಣೆಯ ನರ್ಸ್‌ಗೆ ಮತ್ತು ವೈದ್ಯರಿಗೆ ತಿಳಿಸುವುದು, ನಂತರ ಘಟನೆಯ ವರದಿ, ಕೊನೆಗೆ ಪಾಠ. ವಿದ್ಯಾರ್ಥಿಗೆ ಸೂಜಿ ಚುಚ್ಚಿದರೆ ಜಾಗವನ್ನು ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು, ಹಿಂಡಬಾರದು. ಶಿಫ್ಟ್ ಮುಗಿಯಲಿ ಎಂದು ಕಾಯದೆ ಆಗಲೇ ವರದಿ ಮಾಡಬೇಕು, ಏಕೆಂದರೆ ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕು. ಬೈಗುಳಕ್ಕೆ ಹೆದರಿದ ವಿದ್ಯಾರ್ಥಿ ಚುಚ್ಚಿದ್ದನ್ನು ಮುಚ್ಚಿಡುತ್ತಾರೆ. ಬೋಧಕರ ಸಿಡುಕುತನ ಇಲ್ಲಿ ನೇರವಾಗಿ ಆರೋಗ್ಯದ ಅಪಾಯ.

ಹಿಮ್ಮಾಹಿತಿ

‘ಚೆನ್ನಾಗಿತ್ತು, ಇನ್ನೂ ಆತ್ಮವಿಶ್ವಾಸ ಬೇಕು’ ಎಂಬುದನ್ನು ಕೇಳಿ ವಿದ್ಯಾರ್ಥಿ ನಾಳೆ ಬೇರೆ ಏನನ್ನೂ ಮಾಡಲಾರರು. ‘ಉಸಿರಾಟವನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದಿರಿ. ಈ ರೋಗಿಯ ಉಸಿರು ಒಂದೇ ಸಮ ಇರಲಿಲ್ಲ, ಪೂರ್ತಿ 60 ಸೆಕೆಂಡ್ ಎಣಿಸಬೇಕಿತ್ತು. ಮುಂದಿನ ಸಲ ನಾಡಿ ಹಿಡಿದಂತೆ ಕೈ ಇಟ್ಟುಕೊಂಡೇ ಎಣಿಸಿ, ಆಗ ರೋಗಿ ಉಸಿರಿನ ಲಯ ಬದಲಿಸುವುದಿಲ್ಲ’ ಎಂದರೆ ಕೆಲಸಕ್ಕೆ ಬರುತ್ತದೆ. ಕಂಡದ್ದು, ಅದರ ಪರಿಣಾಮ, ಮುಂದಿನ ಸಲದ ಹೆಜ್ಜೆ. ಇಷ್ಟೇ. ಉಸಿರಾಟದ ಉದಾಹರಣೆ ಬೇಕೆಂದೇ ಕೊಟ್ಟದ್ದು: ಚಾರ್ಟಿನಲ್ಲಿ ಎಲ್ಲ ರೋಗಿಗಳಿಗೂ 18 ಎಂದೇ ಬರೆದಿರುವುದು ಕಂಡರೆ ಯಾರೂ ಎಣಿಸಿಲ್ಲ ಎಂದು ಅರ್ಥ. ರೋಗಿ ಹದಗೆಡುವಾಗ ಮೊದಲು ಬದಲಾಗುವ ಲಕ್ಷಣಗಳಲ್ಲಿ ಉಸಿರಾಟದ ವೇಗವೂ ಒಂದು.

ಹೊಗಳಿಕೆಯ ಎರಡು ಪದರಗಳ ನಡುವೆ ಟೀಕೆಯನ್ನು ಅಡಗಿಸಿ ಕೊಡುವ ಪದ್ಧತಿಯನ್ನು ಇನ್ನೂ ಹಲವೆಡೆ ಕಲಿಸುತ್ತಾರೆ. ಅಂಜುವ ವಿದ್ಯಾರ್ಥಿಗೆ ನಡುವಿನದ್ದು ಮಾತ್ರ ಕೇಳಿಸುತ್ತದೆ, ಅತಿ ಆತ್ಮವಿಶ್ವಾಸದವರಿಗೆ ಹೊರಗಿನದ್ದು ಮಾತ್ರ. ನೇರವಾಗಿ, ಒಂದು ಸಲಕ್ಕೆ ಒಂದೋ ಎರಡೋ ವಿಷಯ, ಅದೇ ಶಿಫ್ಟಿನೊಳಗೆ, ಒಬ್ಬರೇ ಇರುವಾಗ ಹೇಳುವುದೇ ಮೇಲು.

ಅಂಕ ಹಾಕುವ ಧೈರ್ಯ

ಕಲಿಯುವ ದಿನ ಬೇರೆ, ಪರೀಕ್ಷಿಸುವ ದಿನ ಬೇರೆ ಎಂದು ವಿದ್ಯಾರ್ಥಿಗೆ ಮುಂಚಿತವಾಗಿ ತಿಳಿದಿರಬೇಕು. ದಿನವೂ ಅಂಕ ಬೀಳುತ್ತದೆ ಎಂದಾದರೆ ಯಾರೂ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದಿಲ್ಲ.

ಅಳತೆಗೆ ಕ್ಯಾಥ್ಲೀನ್ ಬಾಂಡಿ 1983ರಲ್ಲಿ ಪ್ರಕಟಿಸಿದ ಐದು ಹಂತಗಳ ಮಾನ ಉಪಯುಕ್ತ. ಬೆಂಬಲದ ಸೂಚನೆ ಎಷ್ಟು ಬೇಕಾಯಿತು ಎಂಬುದು ಅದರಲ್ಲಿ ಮುಖ್ಯ ಅಳತೆ: ಸ್ವತಂತ್ರವಾಗಿ ಮಾಡುವವರಿಂದ ಹಿಡಿದು ಪೂರ್ತಿ ಅವಲಂಬಿತರವರೆಗೆ. ‘ಉತ್ತಮ’, ‘ಸಾಧಾರಣ’ ಎಂಬ ಪದಗಳಿಗಿಂತ ‘ಎರಡು ಸಲ ಸೂಚಿಸಬೇಕಾಯಿತು’ ಎಂಬುದು ಗಟ್ಟಿ. ಆದರೆ ಮಾನ ಒಂದೇ ಇದ್ದರೂ ಬೋಧಕರ ಕಣ್ಣು ಒಂದೇ ಇರುವುದಿಲ್ಲ. 5–7 ನಿಮಿಷದ ಮೂರು ವಿಡಿಯೋ ತಯಾರಿಸಿ, ಒಂದರಲ್ಲಿ ಕೆಲಸ ಚೆನ್ನಾಗಿರಲಿ, ಒಂದರಲ್ಲಿ ಗಡಿಯಲ್ಲಿರಲಿ, ಒಂದರಲ್ಲಿ ಮಾತು ಸೊಗಸಾಗಿದ್ದು ಕೆಲಸ ಅಸುರಕ್ಷಿತವಾಗಿರಲಿ. ಎಲ್ಲರೂ ಪರಸ್ಪರ ಮಾತಾಡದೆ ಅಂಕ ಹಾಕಲಿ. ಒಂದು ಹಂತಕ್ಕಿಂತ ಹೆಚ್ಚು ವ್ಯತ್ಯಾಸ ಬಂದಲ್ಲಿ ಪ್ರತಿಯೊಬ್ಬರೂ ವಿಡಿಯೋದಲ್ಲಿ ಕಂಡ ಕ್ರಿಯೆಯನ್ನು ಬೆರಳು ಮಾಡಿ ತೋರಿಸಬೇಕು, ಅಭಿಪ್ರಾಯ ಹೇಳುವಂತಿಲ್ಲ. ಮೂರನೆಯ ವಿಡಿಯೋ ಬಹಳ ಮಂದಿಯನ್ನು ಬೀಳಿಸುತ್ತದೆ. ನಗುಮುಖದ, ವಿನಯದ ವಿದ್ಯಾರ್ಥಿಗೆ ಕೈ ತಾನಾಗಿ ಹೆಚ್ಚು ಅಂಕ ಬರೆಯುತ್ತದೆ.

ಅನುತ್ತೀರ್ಣಗೊಳಿಸುವುದು ಯಾರಿಗೂ ಇಷ್ಟದ ಕೆಲಸವಲ್ಲ. ತಮಗೇ ಸಂಶಯವಿದ್ದ ವಿದ್ಯಾರ್ಥಿಗಳನ್ನು ಮಾರ್ಗದರ್ಶಕ ನರ್ಸ್‌ಗಳು ಪಾಸು ಮಾಡುತ್ತಿದ್ದುದನ್ನು ಕ್ಯಾಥ್ಲೀನ್ ಡಫಿ 2003ರಲ್ಲಿ ಬ್ರಿಟನ್ನಿನಲ್ಲಿ ದಾಖಲಿಸಿದರು. ಸಮಸ್ಯೆಯನ್ನು ಎತ್ತುವುದೇ ತಡವಾಗಿ, ಆಗ ಬರಹದಲ್ಲಿ ಪುರಾವೆ ಇರುವುದಿಲ್ಲ. ಪರಿಹಾರ ದಾಖಲೆಯಲ್ಲಿದೆ. ದಿನಾಂಕ, ಸಂದರ್ಭ, ಕಂಡ ಕ್ರಿಯೆ, ಹೇಳಿದ ಮಾತು, ವಿದ್ಯಾರ್ಥಿಯ ಪ್ರತಿಕ್ರಿಯೆ ಇಷ್ಟನ್ನು ಮೂರ್ನಾಲ್ಕು ಸಾಲಿನಲ್ಲಿ ಅಂದೇ ಬರೆಯಬೇಕು. ‘ನಿರ್ಲಕ್ಷ್ಯ ಸ್ವಭಾವ’ ಎಂಬುದು ಟಿಪ್ಪಣಿಯಲ್ಲ, ತೀರ್ಪು. ‘ಎರಡನೇ ದಿನವೂ ಗುರುತಿನ ಪಟ್ಟಿ ನೋಡದೆ ಔಷಧಿ ಕೊಡಲು ಹೋದರು, ತಡೆಯಬೇಕಾಯಿತು’ ಎಂಬುದು ಟಿಪ್ಪಣಿ. ಎಲ್ಲ ವಿದ್ಯಾರ್ಥಿಗಳ ಬಗ್ಗೆಯೂ ಬರೆಯಬೇಕು, ಇಲ್ಲದಿದ್ದರೆ ಒಬ್ಬರನ್ನೇ ಗುರಿ ಮಾಡಿದಂತಾಗುತ್ತದೆ. ಪೋಸ್ಟಿಂಗ್ (ವಿದ್ಯಾರ್ಥಿ ವಾರ್ಡಿನಲ್ಲಿ ಕಲಿಯುವ ಅವಧಿ) ಅರ್ಧವಾಗುವ ಹೊತ್ತಿಗೆ ಲಿಖಿತ ಎಚ್ಚರಿಕೆ, ಸುಧಾರಿಸಬೇಕಾದ ನಿರ್ದಿಷ್ಟ ಕೆಲಸಗಳು, ಗಡುವು ಇವು ವಿದ್ಯಾರ್ಥಿಯ ಕೈಯಲ್ಲಿರಬೇಕು. ಕೊನೆಯ ದಿನ ಸಿಡಿಲು ಬಡಿದಂತೆ ಬರುವ ಫಲಿತಾಂಶ ಬೋಧಕರ ತಪ್ಪು.

ನಾಲ್ಕನೆಯ ವಾರ ಮತ್ತು ಆಮೇಲೆ

ಮೊದಲ ಎರಡು ದಿನ ಹೊಸ ಬೋಧಕರು ಅನುಭವಿಯ ಹಿಂದೆ ನೆರಳಿನಂತೆ ಇರಲಿ, ಆದರೆ ಸುಮ್ಮನೆ ಅಲ್ಲ. ಅನುಭವಿ ಎಲ್ಲಿ ಮಧ್ಯೆ ಬಂದರು, ಎಲ್ಲಿ ಬರಲಿಲ್ಲ ಎಂದು ಬರೆದುಕೊಂಡು ಸಂಜೆ ಏಕೆಂದು ಕೇಳಬೇಕು. ಮೂರನೆಯ ದಿನದಿಂದ ಹೊಸಬರಿಗೆ ನಾಲ್ಕು ವಿದ್ಯಾರ್ಥಿಗಳು, ಅನುಭವಿ ಗಮನಿಸುವವರು. ಗಮನಿಸುವವರು ವಿದ್ಯಾರ್ಥಿಗಳ ಮುಂದೆ ತಿದ್ದಬಾರದು, ರೋಗಿಗೆ ಅಪಾಯವಿದ್ದಾಗ ಮಾತ್ರ ಅದಕ್ಕೆ ವಿನಾಯಿತಿ. ಪೂರ್ತಿ ಗುಂಪು ಕೊಡುವುದು ಇದಾದ ಮೇಲೆ.

ಇಲ್ಲಿ ಹೊಸ ಬೋಧಕರನ್ನು ಸುಸ್ತು ಮಾಡುವುದು ಪ್ರೊಸೀಜರ್‌ಗಳಲ್ಲ, ಮನುಷ್ಯರು. ಹೆದರಿ ಕಲ್ಲಾಗುವ ವಿದ್ಯಾರ್ಥಿಗೆ ಇಡೀ ಕೆಲಸದ ಬದಲು ಒಂದು ತುಂಡು ಕೊಡಿ, ಡ್ರೆಸಿಂಗಿನಲ್ಲಿ ಸಾಮಾನು ಜೋಡಿಸುವುದಷ್ಟೇ, ಮರುದಿನ ಅದರ ಮುಂದಿನದ್ದು. ಎಲ್ಲ ಗೊತ್ತೆನ್ನುವವರಿಗೆ ಮಾಡುವ ಮೊದಲು ಕಾರಣಗಳನ್ನು ಹೇಳಿಸಿ. ವಿದ್ಯಾರ್ಥಿಯನ್ನು ವಾರ್ಡಿನ ಸಿಬ್ಬಂದಿ ಎಲ್ಲರೆದುರು ಗದರಿಸಿದರೆ ಅಲ್ಲೇ ಜಗಳಕ್ಕೆ ನಿಲ್ಲದೆ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದೊಯ್ಯಿರಿ, ಸಿಬ್ಬಂದಿಯೊಂದಿಗೆ ಅಂದೇ ಖಾಸಗಿಯಾಗಿ ಮಾತಾಡಿ, ಮರುಕಳಿಸಿದರೆ ಮುಖ್ಯ ನರ್ಸ್ ಬಳಿಗೆ ಒಯ್ಯಿರಿ. ಮೊದಲ ಸಾವನ್ನು ಕಂಡ ವಿದ್ಯಾರ್ಥಿಗೆ ಆ ಗಳಿಗೆಯಲ್ಲಿ ಪಾಠ ಬೇಡ. ಕೂರಲು ಜಾಗ, ನೀರು, ಮೃತದೇಹದ ಆರೈಕೆಯಲ್ಲಿ ಭಾಗವಹಿಸುವುದೋ ಬೇಡವೋ ಎಂಬ ಆಯ್ಕೆ ಇಷ್ಟು ಕೊಟ್ಟು, ಮರುದಿನ ಬೋಧಕರು ತಾವಾಗಿಯೇ ವಿಚಾರಿಸಬೇಕು.

ಮೊದಲ ಪೋಸ್ಟಿಂಗಿನ ಅವಧಿಯಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಅನುಭವಿಯ ಜೊತೆ ಮಾತುಕತೆ ನಿಗದಿಯಾಗಿರಲಿ. ಬೋಧಕರ ಟಿಪ್ಪಣಿಗಳನ್ನು ತೆರೆದು ನೋಡಿ: ಯಾವ ವಿದ್ಯಾರ್ಥಿಯ ಹೆಸರಿನಲ್ಲಿ ಒಂದೂ ಸಾಲು ಇಲ್ಲವೋ, ಮುಂದಿನ ವಾರದ ಮೊದಲ ಔಷಧಿ ಸರದಿ ಅವರದ್ದಾಗಲಿ.